ಐದು ಹುಣಸೆಮರಗಳ ವಾರ್ಷಿಕ ಲೆಕ್ಕ

ಮುಳಬಾಗಿಲು
೧೮ ಜೂನ್ ೧೯೪೧, ಬುಧವಾರ

ಶ್ರೀಮಾನ್ ಸುಬ್ಬರಾಯಪ್ಪನವರಿಗೆ, ಎಂದರೆ ನನ್ನ ಯಜಮಾನರಿಗೆ, ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ಎಂಟು ವರ್ಷಗಳಿಂದ ನಿಮಗೆ ಬರೆಯುವಾಗಲೆಲ್ಲ "ಮಹನೀಯರೇ" ಎಂದು ಶುರುಮಾಡಿ "ತಮ್ಮ ವಿಧೇಯಳು" ಎಂದು ಮುಗಿಸಿ ಅಭ್ಯಾಸವಾಗಿಬಿಟ್ಟಿದೆ. ಇವತ್ತು ಏನೆಂದು ಕರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಯುದ್ಧ ಬಂದ ಮೇಲೆ ಕಾಗದದ ಬೆಲೆ ಏನಾಗಿದೆ ಎಂದು ನಿಮಗೂ ಗೊತ್ತು. ಮೂರನೆಯದನ್ನು ಹರಿಯುವುದಿಲ್ಲ, ಬಂದದ್ದು ಬರಲಿ.

ಇದನ್ನು ನಿಮ್ಮ ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಕಚೇರಿಗೆ ಹಾಕಿದರೆ ಯಾರಾದರೂ ಒಡೆದು, ಮೊಹರು ಒತ್ತಿ, ನಂಬರು ಹಾಕಿ ನಿಮ್ಮ ಮೇಜಿಗೆ ತಂದಿಡುತ್ತಾರೆ. ಗಂಡನಿಗೆ ಬರೆದ ಕಾಗದಕ್ಕೆ ನಂಬರು ಬೇಡ. ವಿಳಾಸ ಕೊಟ್ಟವಳು ಜಹಾನಾರಾ. ಅವಳ ವಿಷಯ ಮುಂದೆ ಬರೆಯುತ್ತೇನೆ.

ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಪ್ರತಿ ಜೂನಿನಲ್ಲಿ ನಿಮ್ಮ ವಿಶ್ವವಿದ್ಯಾನಿಲಯದ ಲೆಕ್ಕದ ಕಚೇರಿಗೆ ನಾನು ಕಳುಹಿಸುವ ಕದಿರಮ್ಮ ನಿಧಿಯ ವಾರ್ಷಿಕ ತಃಖ್ತೆ ಈ ಸಲ ನಿಮ್ಮ ಮೇಜಿಗೆ ಬರುವುದಿಲ್ಲ. ಸೋಮವಾರವೇ ಅದನ್ನು ರಿಜಿಸ್ಟರ್ ಟಪಾಲಿನಲ್ಲಿ ನೇರವಾಗಿ ಕಾರ್ಯದರ್ಶಿಗಳಿಗೆ ಕಳುಹಿಸಿದ್ದೇನೆ. ಅದು ನಿಜವಾದ ಲೆಕ್ಕ. ಹಿಂದಿನ ಎಂಟು ವರ್ಷ ನಿಮಗೆ ಕಳುಹಿಸಿದ್ದು ಸುಳ್ಳು ಲೆಕ್ಕ. ಕೈಯಲ್ಲಿ ಕೆಂಪು ಶಾಯಿಯ ಲೇಖನಿ ಇದ್ದರೆ ದಯವಿಟ್ಟು ಕೆಳಗಿಟ್ಟು ಮುಂದೆ ಓದಿ.

ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ಮೊದಲಿನಿಂದ ಬರೆದರೆ ನನಗೆ ಧೈರ್ಯ ಬರುತ್ತದೆ.

ನಮ್ಮ ಅಜ್ಜಿ ಕದಿರಮ್ಮನಿಗೆ ದೇವರಾಯಸಮುದ್ರದ ಕೆರೆ ಏರಿಯ ಹಿಂದೆ ಐದು ಹುಣಸೆಮರಗಳಿದ್ದವು. ಹೊಲವನ್ನು ತಾತ ಬದುಕಿದ್ದಾಗಲೇ ಗಂಗುಲಪ್ಪನ ಮನೆಯವರಿಗೆ ಮಾರಿದ್ದರು. ಮರಗಳನ್ನು ಮಾತ್ರ ಮಾರಲು ಅಜ್ಜಿ ಬಿಡಲಿಲ್ಲ. ಹೀಗೆ ನೆಲ ಗಂಗುಲಪ್ಪನದು, ನೆಲದ ಮೇಲಿನ ಮರ ಅಜ್ಜಿಯದು. ನಮ್ಮ ಕಡೆ ಇದು ಯಾರಿಗೂ ವಿಚಿತ್ರವಲ್ಲ, ನಿಮ್ಮ ಕಚೇರಿಯವರಿಗೆ ಇವತ್ತಿಗೂ ವಿಚಿತ್ರ. ಆ ಮರಗಳ ದುಡ್ಡಿನಲ್ಲಿ ನಾನು ಓದಿ ಉಪಾಧ್ಯಾಯಿನಿಯಾದೆ. ಕೊನೆಗಾಲದಲ್ಲಿ ಅಜ್ಜಿ ನನ್ನನ್ನು ಕೂರಿಸಿಕೊಂಡು, "ನಿನ್ನ ಓದ್ಸಿದ್ದು ಈ ಮರಗಳೇ ಕಣೇ. ನಾನು ಹೋದ್ಮೇಲೆ ಇನ್ಯಾವಳನ್ನಾದ್ರೂ ಓದ್ಸಲಿ. ಆ ದೊಡ್ಡ ಸ್ಕೂಲಿಗೆ ಬರ್ಕೊಡು" ಎಂದಳು. ವಿಶ್ವವಿದ್ಯಾನಿಲಯ ಎಂಬ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ.

ದತ್ತಿಪತ್ರ ಬರೆದವರು ನೀವು. ಆಗ ನೀವು ಇಲ್ಲಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ವರ್ಷಕ್ಕೆ ಎಷ್ಟು ವರಮಾನ ಎಂದು ಪತ್ರದಲ್ಲಿ ಕಾಣಿಸಲೇಬೇಕು ಎಂದು ವಿಶ್ವವಿದ್ಯಾನಿಲಯದವರು ಕೇಳಿದ್ದರು. ಮೂವತ್ತಮೂರನೆಯ ಇಸವಿ, ಸಂಕ್ರಾಂತಿ ಕಳೆದ ಮಾರನೆಯ ದಿನ. ನೀವು ಒಂದೊಂದು ಮರದ ಕೆಳಗೂ ನಿಂತು, ಕತ್ತೆತ್ತಿ, ಕೈ ಬೆನ್ನಿಗೆ ಕಟ್ಟಿಕೊಂಡು ನೋಡಿದಿರಿ. ಹುಣಸೆ ವ್ಯಾಪಾರಿ ಮುನಿಯಲ್ಲಪ್ಪನೂ ಪಕ್ಕದಲ್ಲಿದ್ದ. ಹಸಿಕಾಯಿ ಮರದಲ್ಲಿರುವಾಗಲೇ ಕಣ್ಣಳತೆಯಲ್ಲಿ ಬೆಲೆ ಕಟ್ಟುವುದು ಅವನ ಕಸುಬು. ಆದರೆ ನೀವು ಹುಣಸೆತೋಪುಗಳ ತಾಯಲೂರಿನವರು, ನಿಮಗೆ ಇನ್ನೊಬ್ಬರು ಹೇಳಿಕೊಡಬೇಕೇ? ನಲವತ್ತೆಂಟು ರೂಪಾಯಿ ಎಂದಿರಿ. ಕಾಯಿ ಬಿಡದ ವರ್ಷವನ್ನೂ ಲೆಕ್ಕಕ್ಕೆ ಹಿಡಿದು ಕಡಿಮೆಯೇ ಹೇಳಿದ್ದೇನೆ ಎಂದಿರಿ. ಮುನಿಯಲ್ಲಪ್ಪ ತಲೆ ಕೆರೆದುಕೊಂಡ. ನಾನು ನೋಡಿದೆ, ನೀವು ನೋಡಲಿಲ್ಲ. ಅಜ್ಜಿ ನಲವತ್ತೆಂಟಕ್ಕೇ ಹೆಬ್ಬೆಟ್ಟು ಒತ್ತಿದಳು. ತಿಂಗಳಿಗೆ ನಾಲ್ಕು ರೂಪಾಯಿಯಂತೆ ಒಬ್ಬ ಹುಡುಗಿಗೆ ವಿದ್ಯಾರ್ಥಿವೇತನ.

ಅದೇ ವರ್ಷ ಮೇ ತಿಂಗಳಲ್ಲಿ ನಿಮಗೆ ಆ ವಿಶ್ವವಿದ್ಯಾನಿಲಯದಲ್ಲೇ ಕೆಲಸವಾಯಿತು. ನಾನು ಕೆಲಸ ಬಿಟ್ಟು ಕೂಡಲೇ ಹೊರಡಬೇಕು ಎಂದಿರಿ. ನಾಲ್ಕು ಹುಡುಗಿಯರು ಪರೀಕ್ಷೆಗೆ ಕೂರುತ್ತಾರೆ, ಒಂದು ವರ್ಷ ತಡೆಯಿರಿ ಎಂದೆ. ಕೋಲಾರದ ಸ್ಟೇಷನ್ನಿನಲ್ಲಿ, ನಮ್ಮಣ್ಣ ಶ್ರೀರಾಮಪ್ಪನ ಎದುರಿಗೆ, "ನೀನು ಸ್ಕೂಲನ್ನ ಕಟ್ಕೊಂಡಿದ್ದೀಯ, ನನ್ನನ್ನಲ್ಲ" ಎಂದಿರಿ. ನಾನೇನು ಸುಮ್ಮನಿದ್ದೆನೇ? "ನೀವು ಹೋಗಿ ಲೆಕ್ಕದ ಪುಸ್ತಕ ಕಟ್ಕೊಳ್ಳಿ" ಎಂದೆ. ರೈಲು ಹೊರಟಿತು. ಮೊದಲು ಅವರು ಬರೆಯಲಿ ಎಂದು ನಾನು, ಮೊದಲು ಅವಳು ಬರೆಯಲಿ ಎಂದು ನೀವು. ಒಂದು ವರ್ಷ ತಡೆಯಿರಿ ಎಂದವಳು ಎಂಟು ವರ್ಷ ತಡೆದೆ.

ಆದರೆ ಜೂನ್ ಮೂವತ್ತಕ್ಕೆ ಸರ್ಕಾರದ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ದತ್ತಿದಾರರ ಕಡೆಯವರು ತಃಖ್ತೆ ತುಂಬಿ, ಹಣ ಕಟ್ಟಿ, ವಿಶ್ವವಿದ್ಯಾನಿಲಯದ ವಾರ್ಷಿಕ ಲೆಕ್ಕಕ್ಕೆ ಒದಗಿಸಬೇಕು. ಅಜ್ಜಿಯ ಕಡೆಯವಳು ನಾನು, ತೆಗೆದುಕೊಳ್ಳುವ ಗುಮಾಸ್ತರು ನೀವು. ಜಗಳವಾಗಿ ಒಂದು ತಿಂಗಳಿಗೆ ನಿಮಗೆ "ಮಹನೀಯರೇ" ಎಂದು ಬರೆಯಬೇಕಾಗಿ ಬಂತು. ಬರೆದೆ. ಆ ವರ್ಷ ಮರಗಳು ಅರವತ್ತೊಂದು ರೂಪಾಯಿ ಕೊಟ್ಟಿದ್ದವು. ನಲವತ್ತೆಂಟು ಕಟ್ಟಿ ಹದಿಮೂರನ್ನು ಡಬ್ಬಿಯಲ್ಲಿಟ್ಟೆ.

ಮರುವರ್ಷ ಬಂದದ್ದು ಇಪ್ಪತ್ತೆರಡು. ಹುಣಸೆ ಒಂದು ವರ್ಷ ಕೊಟ್ಟರೆ ಮರುವರ್ಷ ಸುಧಾರಿಸಿಕೊಳ್ಳುತ್ತದೆ ಎಂಬುದು ನಿಮ್ಮೂರಿನ ಎಳೆಮಕ್ಕಳಿಗೂ ಗೊತ್ತು. ಇಪ್ಪತ್ತೆರಡು ಎಂದೇ ಬರೆಯಲು ಕೂತೆ. ಕೈ ಏಳಲಿಲ್ಲ. ನಿಮ್ಮ ಮಾತು ಸುಳ್ಳಾಗುತ್ತದಲ್ಲ ಎಂದೋ, ನಿಮ್ಮೆದುರು ನಾನು ಸೋತ ಹಾಗಾಗುತ್ತದಲ್ಲ ಎಂದೋ, ಎರಡೂ ಇದ್ದೀತು. ಡಬ್ಬಿಯ ಹದಿಮೂರಕ್ಕೆ ನನ್ನ ಸಂಬಳದ ಹದಿಮೂರು ಸೇರಿಸಿ ನಲವತ್ತೆಂಟು ಮಾಡಿದೆ. ಲೆಕ್ಕ ಪ್ರತಿ ವರ್ಷವೂ ಒಂದೇ ಸಮನಾಗಿದ್ದರೆ ಅದಕ್ಕಿಂತ ಪ್ರಾಮಾಣಿಕವಾಗಿ ಕಾಣುವುದು ಯಾವುದಿದೆ ಎಂದುಕೊಂಡೆ. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳ ಬುದ್ಧಿ ಇದು.

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಮೂವತ್ತೈದರ ಕಾರ್ತಿಕದ ಗಾಳಿಗೆ ಏರಿಯ ಕಡೆಯ ಮರ ಉರುಳಿತು. ಗಂಗುಲಪ್ಪ ಶಾಲೆಯ ಬಾಗಿಲಿಗೇ ಬಂದು, "ಅಮ್ಮಾ, ನಿಮ್ಮ ಚೆಟ್ಟು ನಮ್ಮ ರಾಗಿ ಮ್ಯಾಲೆ ಮಲಗೈತೆ, ಏನ್ ಮಾಡೋದು ಚೆಪ್ಪಂಡಿ" ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದ. ಹಾಳಾದ ರಾಗಿಗೆ ಸೌದೆ ಸರಿಹೋಯಿತು ಎಂದು ಇಬ್ಬರೂ ಒಪ್ಪಿಕೊಂಡೆವು. ಮೂವತ್ತೆಂಟರಲ್ಲಿ ಇನ್ನೊಂದು ನಿಂತಲ್ಲೇ ಒಣಗಿತು. ತಃಖ್ತೆಯಲ್ಲಿ ಮಾತ್ರ ಮರಗಳು ಐದೇ, ವರಮಾನ ನಲವತ್ತೆಂಟೇ. ಒಂದು ಸೀರೆ ಕಡಿಮೆ ತೆಗೆದುಕೊಂಡೆ, ಎರಡು ಸಲ ತಿರುಪತಿಗೆ ಹೋಗುವುದನ್ನು ಮುಂದೂಡಿದೆ. ಇದನ್ನು ಕಷ್ಟ ಎಂದು ಹೇಳಿಕೊಳ್ಳುತ್ತಿಲ್ಲ. ಮೊದಲು ಈ ಹಣದಲ್ಲಿ ಓದಿದ ಶ್ರೀನಿವಾಸಪುರದ ಭಾರತಮ್ಮ ಈಗ ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿ. ಅವಳನ್ನು ಕಂಡಾಗ ಸೀರೆಯ ನೆನಪು ಬರುವುದಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. ಇದನ್ನು ಕಾರ್ಯದರ್ಶಿಗಳಿಗೆ ಬರೆದಿಲ್ಲ. ತಃಖ್ತೆಯಲ್ಲಿ ಆರು ಕಾಲಂಗಳಿವೆ. ನಾಲ್ಕನೆಯದು, ಕಾಯಿ ಇಳಿಸಿದ ತಾರೀಖು. ಮೊದಲ ವರ್ಷ ಮರೆತು ಅದನ್ನು ಖಾಲಿ ಬಿಟ್ಟಿದ್ದೆ. ಹತ್ತು ದಿನಕ್ಕೆ ನಿಮ್ಮ ಕೈಬರಹದಲ್ಲಿ ಒಂದು ಚೀಟಿ ಬಂತು: "ನಾಲ್ಕನೆಯ ಕಾಲಂ ಖಾಲಿ ಇದೆ. ಭರ್ತಿ ಮಾಡಿ ಕಳುಹಿಸುವುದು. ಸು." ಆ "ಸು" ಅನ್ನು ಎಷ್ಟು ಸಲ ನೋಡಿದೆನೋ. ಮರುವರ್ಷದಿಂದ ಮರೆಯಲಿಲ್ಲ, ಬೇಕೆಂದೇ ಖಾಲಿ ಬಿಟ್ಟೆ. ನೀವೂ ಪ್ರತಿ ವರ್ಷ ಕೇಳಿದಿರಿ. ಒಂದೇ ಮಾತು, ಒಂದೇ ಕೆಂಪು ಶಾಯಿ. ಇಷ್ಟು ದಡ್ಡಿಯಾದ ಉಪಾಧ್ಯಾಯಿನಿ ಇರುತ್ತಾಳೆಯೇ ಎಂದು ನಿಮ್ಮ ಮನಸ್ಸಿಗೆ ಒಂದು ಸಲವೂ ಬರಲಿಲ್ಲವೇ?

ಮೂವತ್ತೇಳರಲ್ಲಿ ಮಾತ್ರ ಚೀಟಿ ಬರಲಿಲ್ಲ. ನನಗೆ ವಿಷಮಜ್ವರ ಬಂದು ಎರಡು ತಿಂಗಳು ಸಂಬಳವಿಲ್ಲದ ರಜೆಯಲ್ಲಿದ್ದ ವರ್ಷ ಅದು. ಕಾಲಂ ಖಾಲಿಯೇ ಇತ್ತು, ಆದರೂ ನೀವು ಏನೂ ಕೇಳದೆ ಬರಿಯ ರಸೀದಿ ಕಳುಹಿಸಿದಿರಿ. ಆ ವರ್ಷದ ವಿಷಯ ಕೊನೆಗೆ ಬರೆಯುತ್ತೇನೆ, ಈಗ ಬೇಡ.

ಇನ್ನು ಜಹಾನಾರಾ. ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಜಾನ್ ಪಾಷಾನ ಮಗಳು, ನನ್ನ ಕೈಯಲ್ಲೇ ಅಕ್ಷರ ಕಲಿತವಳು. ಇಂಟರ್‌ಮೀಡಿಯೆಟ್ಟಿನ ಮೊದಲ ವರ್ಷ ಮುಗಿಸಿದ್ದಾಳೆ, ಇನ್ನೊಂದು ವರ್ಷ ಉಳಿದಿದೆ. ಹೋದ ಜುಲೈಯಲ್ಲಿ ವಿದ್ಯಾರ್ಥಿವೇತನದ ಕಾಗದಕ್ಕೆ ರುಜು ಹಾಕಿಸಲು ನಿಮ್ಮ ಮೇಜಿನ ಮುಂದೆ ನಿಂತಿದ್ದಳಂತೆ. ಮುಳಬಾಗಿಲಿನವಳು ಎಂದ ಕೂಡಲೇ ನೀವು ಕನ್ನಡಕ ತೆಗೆದು ಒರೆಸಿಕೊಂಡಿರಂತೆ. ಟೀಚರಮ್ಮ ಹೇಗಿದ್ದಾರೆ ಎಂದು ಕೇಳಲಿಲ್ಲವಂತೆ. "ದೇವರಾಯಸಮುದ್ರದ ಕಡೆ ಈ ಸಲ ಹುಣಸೆ ಹೂ ಹೆಂಗಿದೆ?" ಎಂದು ಕೇಳಿದಿರಂತೆ. ಅವಳು ನಗುತ್ತಾ ಹೇಳಿದಳು. ನಾನು ನಗಲಿಲ್ಲ. ಅವತ್ತು ನನಗೆ ಗೊತ್ತಾಯಿತು, ನಿಮಗೆ ಎಲ್ಲ ಗೊತ್ತು ಎಂದು. ತಾಯಲೂರಿನವನು ಎಂಟು ವರ್ಷ ಒಂದೇ ಮೊತ್ತ ಕೊಡುವ ಹುಣಸೆಮರವನ್ನು ನಂಬುತ್ತಾನೆಯೇ? ನಂಬಿದ ಹಾಗೆ ರುಜು ಹಾಕಿದಿರಿ, ಅಷ್ಟೇ.

ಈ ಯುಗಾದಿಯಾದ ಮೇಲೆ ಹೋದ ವರ್ಷದ ಲೆಕ್ಕದ ಅಚ್ಚಾದ ಪುಸ್ತಕ ಬಂತು. ಅದೆಲ್ಲ ಇಂಗ್ಲಿಷು. ರಜೆಗೆ ಬಂದಿದ್ದ ಜಹಾನಾರಾ ನಮ್ಮ ಜಗಲಿಯಲ್ಲಿ ಕೂತು ಪುಟ ತಿರುವುತ್ತಿದ್ದವಳು, "ಟೀಚರ್, ನಮ್ಮ ಹುಣಸೆಮರ ಪುಸ್ತಕದಲ್ಲಿ ಬಂದುಬಿಟ್ಟಿದೆ!" ಎಂದು ಕೂಗಿದಳು. ನಲವತ್ತೇಳನೆಯ ಪುಟ. ಕದಿರಮ್ಮ ನಿಧಿಯ ವರಮಾನ ಎಂಟು ವರ್ಷಗಳಿಂದ ಒಂದು ಕಾಸೂ ಹೆಚ್ಚುಕಡಿಮೆಯಾಗದೆ ಬಂದಿದ್ದು, ಇತರ ದತ್ತಿಗಳಿಗೆ ಮಾದರಿಯಾಗಿದೆ ಎಂದು ಹೊಸ ಲೆಕ್ಕತನಿಖೆಯವರು ಹೊಗಳಿದ್ದಾರೆ. ಅವಳು ಅದನ್ನು ಮೂರು ಸಲ ಓದಿ ಹೇಳಿದಳು. ಅವಳ ತಾಯಿ ಕರೀಮುನ್ನೀಸಾ ಆ ಸಂತೋಷಕ್ಕೆ ಶಾವಿಗೆ ಪಾಯಸ ಮಾಡಿ ಕಳುಹಿಸಿದಳು. ನಾನು ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ.

ಹೊಗಳಿಕೆ ಪುಸ್ತಕದಲ್ಲೇ ಇದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮೇ ಇಪ್ಪತ್ತಾರಕ್ಕೆ ಕಾರ್ಯದರ್ಶಿಗಳ ಕಾಗದ ಬಂತು. ಇಷ್ಟು ಖಚಿತವಾದ ವರಮಾನವಿರುವ ಆಸ್ತಿಗೆ ಒಳ್ಳೆಯ ಬೆಲೆ ಬರುತ್ತದೆ, ಆದ್ದರಿಂದ ಐದೂ ಮರಗಳನ್ನು ಹರಾಜು ಹಾಕಿ ಬಂದ ಹಣವನ್ನು ಸರ್ಕಾರಿ ಬಾಂಡಿನಲ್ಲಿಡುವುದು, ಬೆಲೆ ಕಟ್ಟಲು ಜುಲೈ ಏಳಕ್ಕೆ ಒಬ್ಬ ಅಧಿಕಾರಿ ಬರುವುದು. ಇಪ್ಪತ್ತು ವರ್ಷದ ವರಮಾನದ ಲೆಕ್ಕದಲ್ಲಿ ಒಂಬೈನೂರ ಅರವತ್ತು ರೂಪಾಯಿ ನಿರೀಕ್ಷಿಸಿದ್ದಾರೆ. ನೆಲ ಇಲ್ಲದ ಮರವನ್ನು ಕೊಳ್ಳುವವರು ಯಾರು? ಮಾಲೂರಿನ ಇಟ್ಟಿಗೆ ಗೂಡಿನವರು, ಸೌದೆಗೆ. ಮೂರು ಮರಕ್ಕೆ ಅವರು ಅರವತ್ತು ಕೊಟ್ಟರೆ ಹೆಚ್ಚು. ಅಲ್ಲಿಗೆ ಅಜ್ಜಿಯ ನಿಧಿಯೂ ಮುಗಿಯಿತು, ಜಹಾನಾರಾಳ ಎರಡನೆಯ ವರ್ಷವೂ ಮುಗಿಯಿತು. ಐದು ಮರ ಮೂರಾದದ್ದು ಹೇಗೆ ಎಂದು ಮೊದಲು ಕೇಳುವುದು ಎಂಟು ವರ್ಷ ತಃಖ್ತೆಗೆ ರುಜು ಹಾಕಿದವರನ್ನು.

ಮೂರು ವಾರ ಏನೂ ತೋಚದೆ ಕೂತಿದ್ದೆ. ನಾನು ಹೆದರಿದ್ದು ನಿಮ್ಮ ಕೆಲಸಕ್ಕೆ. ಸ್ಪಷ್ಟವಾಗಿಯೇ ಬರೆಯುತ್ತೇನೆ, ನಿಮ್ಮ ಮೇಲೆ ಕೋಪವಿದೆ, ಆದರೆ ನೀವು ತಲೆ ತಗ್ಗಿಸಿ ಕಚೇರಿಯಿಂದ ಹೊರಗೆ ಬರುವುದನ್ನು ನಾನು ಸಹಿಸಲಾರೆ. ಕೊನೆಗೆ ಜಾನ್ ಪಾಷಾನ ಮನೆಗೆ ಹೋಗಿ ಮೂವರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಈ ವರ್ಷ ಮೂರು ಮರಗಳಿಂದ ಬಂದದ್ದು ಮೂವತ್ತಾರು, ಅದನ್ನೇ ಕಟ್ಟುತ್ತೇನೆ, ನಿಧಿ ಉಳಿದರೆ ತಿಂಗಳಿಗೆ ಮೂರೇ ರೂಪಾಯಿ, ಉಳಿಯದೆಯೂ ಹೋಗಬಹುದು ಎಂದೆ. ಜಾನ್ ಪಾಷಾ, "ಒಂದು ರೂಪಾಯಿ ತಾನೇ ಅಮ್ಮಾ, ವಕ್ಕಲೇರಿ ಕಡೆ ಇನ್ನೆರಡು ಊರು ಸುತ್ತಿದ್ರೆ ಆಯ್ತು" ಎಂದ. ಜಹಾನಾರಾ ನನ್ನ ಮುಖವನ್ನೇ ನೋಡುತ್ತಿದ್ದಳು. "ನಂಗೆ ಒಂದು ಲೆಕ್ಕ ತಪ್ಪಿದ್ರೆ ಅಂಗೈ ಮೇಲೆ ಕೊಡ್ತಿದ್ರಿ. ನೀವು ಎಂಟು ವರ್ಷ ತಪ್ಪು ಲೆಕ್ಕ ಬರ್ದಿದ್ದೀರಲ್ಲ ಟೀಚರ್, ನಿಮಗೆ ಯಾರು ಕೊಡ್ತಾರೆ?" ಎಂದಳು. ಆಮೇಲೆ ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ.

ಮನೆಗೆ ಬಂದವಳೇ ಲೆಕ್ಕ ಬರೆಯಲು ಕೂತೆ. ಎಂಟು ವರ್ಷವೂ ನಿಜವಾದ ವರಮಾನವನ್ನು ಒಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಒಟ್ಟು ಇನ್ನೂರ ಅರವತ್ತನಾಲ್ಕು. ಕಟ್ಟಬೇಕಾಗಿದ್ದುದು ಮುನ್ನೂರ ಎಂಬತ್ತನಾಲ್ಕು. ಕೊರತೆಯ ನೂರಿಪ್ಪತ್ತನ್ನು ನಾನೇ ತುಂಬಿದ್ದೇನೆ, ಅದನ್ನು ಹಿಂದಕ್ಕೆ ಕೇಳುವುದಿಲ್ಲ ಎಂದು ಬರೆದೆ. ಬಿದ್ದ ಮರ, ಒಣಗಿದ ಮರ ಎರಡನ್ನೂ ಕಾಣಿಸಿದೆ. ಹುಣಸೆಮರ ಬಾಂಡಲ್ಲ, ಅದು ಒಂದು ವರ್ಷ ಸುಧಾರಿಸಿಕೊಳ್ಳಬೇಕು, ಹರಾಜು ಹಾಕಿದರೆ ಸೌದೆಯ ಬೆಲೆ ಬರುತ್ತದೆ, ಉಳಿಸಿಕೊಂಡರೆ ಸರಾಸರಿ ಮೂವತ್ತಮೂರರ ಹಾಗೆ ಇನ್ನೂ ಬಹಳ ವರ್ಷ ಒಬ್ಬೊಬ್ಬ ಹುಡುಗಿ ಓದುತ್ತಾಳೆ ಎಂದೂ ಬರೆದೆ. ತಪ್ಪೆಲ್ಲ ನನ್ನದು, ಲೆಕ್ಕ ತೆಗೆದುಕೊಂಡ ಗುಮಾಸ್ತರಿಗೆ ನಾನು ತೋರಿಸಿದ್ದಷ್ಟೇ ಗೊತ್ತು ಎಂದು ಕೊನೆಗೆ ಸೇರಿಸಿದೆ. ಮೂವತ್ತಾರು ರೂಪಾಯಿ ಮನಿಯಾರ್ಡರು ಮಾಡಿದೆ. ಈ ಸಲ ನಾಲ್ಕನೆಯ ಕಾಲಂ ತುಂಬಿದ್ದೇನೆ.

ನಿಮ್ಮನ್ನು ಕರೆದು ಕೇಳಿದರೆ, ಕಾಗದ ನೋಡಿ ರುಜು ಹಾಕಿದೆ, ಮರ ನೋಡಲಿಲ್ಲ ಎನ್ನಿ. ಅದು ನಿಜವೇ. ಆ ಮರಗಳನ್ನು ನೀವು ನೋಡಿ ಎಂಟು ವರ್ಷವಾಯಿತು. ಹೂವಿನ ವಿಷಯ ಮಾತ್ರ ಯಾರಲ್ಲಿಯೂ ಬಾಯಿಬಿಡಬೇಡಿ. ನಿಧಿಯ ಬಗ್ಗೆ ಅವರು ಏನು ತೀರ್ಮಾನಿಸುತ್ತಾರೋ ಗೊತ್ತಿಲ್ಲ. ನನಗೆ ತಿಳಿದಷ್ಟನ್ನು ಮಾಡಿದ್ದೇನೆ, ಮನಸ್ಸು ಹಗುರವಾಗಿದೆ.

ನಿಮಗೆ ಕೂದಲು ನೆರೆತಿದೆ ಎಂದು ಜಹಾನಾರಾ ಹೇಳಿದಳು. ನನಗೂ ನೆರೆತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹೋಟೆಲಿನ ಸಾರು ನಿಮಗೆ ಆಗುವುದಿಲ್ಲ.

ಇಂತಿ,
ತಮ್ಮ ವಿಧೇಯಳಲ್ಲದ,
ಆದಿಲಕ್ಷ್ಮಿ

ಮರೆತು ಬಿಟ್ಟದ್ದಲ್ಲ, ಕೊನೆಗೆಂದೇ ಉಳಿಸಿಕೊಂಡದ್ದು: ಮೂವತ್ತೇಳನೆಯ ಇಸವಿ. ಆ ವರ್ಷ ಮರಗಳು ಕೊಟ್ಟದ್ದು ಮೂವತ್ತಮೂರು. ಜ್ವರದಲ್ಲಿ ಎಷ್ಟು ತಡಕಾಡಿದರೂ ನನ್ನ ಕೈಯಿಂದ ಸೇರಿದ್ದು ಹನ್ನೆರಡೇ. ನಲವತ್ತೈದು ರೂಪಾಯಿ ಮನಿಯಾರ್ಡರು ಮಾಡಿ, ಸಿಕ್ಕಿಬಿದ್ದೆ ಎಂದೇ ಕಾದು ಕೂತಿದ್ದೆ. ನಿಮ್ಮ ರಸೀದಿ ಬಂತು. ಅದರಲ್ಲಿ ನಲವತ್ತೆಂಟು ರೂಪಾಯಿ ಸಂದಾಯವಾಗಿದೆ ಎಂದಿತ್ತು, ಕೆಳಗೆ "ಸು". ಆ ರಸೀದಿಯನ್ನು ಅಜ್ಜಿಯ ಕುಂಕುಮದ ಭರಣಿಯಲ್ಲಿಟ್ಟಿದ್ದೇನೆ. ಕಾರ್ಯದರ್ಶಿಗಳಿಗೆ ಕಳುಹಿಸಿದ ನಿಜವಾದ ಲೆಕ್ಕದ ಅಂಕಿಗಳಲ್ಲಿ ಒಂದೇ ಒಂದು ಸುಳ್ಳಿದೆ. ಆ ವರ್ಷ ಹದಿನೈದು ರೂಪಾಯಿಯನ್ನೂ ನಾನೇ ತುಂಬಿದೆ ಎಂದು ಬರೆದಿದ್ದೇನೆ. ನೂರಿಪ್ಪತ್ತು ಅಲ್ಲ, ನಾನು ತುಂಬಿದ್ದು ನೂರ ಹದಿನೇಳು. ಗುಮಾಸ್ತ ತನ್ನ ಜೇಬಿನಿಂದ ಹಣ ಹಾಕಿ ಲೆಕ್ಕ ಸರಿಮಾಡಿದ್ದು ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಆ ಮೂರು ರೂಪಾಯಿಯನ್ನು ಮನಿಯಾರ್ಡರಿನಲ್ಲಿ ಕಳುಹಿಸುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮುನಿಯಲ್ಲಪ್ಪ ಮರ ನೋಡಲು ಬರುತ್ತಾನೆ. ನೀವೇ ಬಂದು ತೆಗೆದುಕೊಳ್ಳಿ. ಬಂದವರು ಮರದ ಕೆಳಗೆ ನಿಂತು, ಈ ಸಲವಾದರೂ ಸರಿಯಾಗಿ ನೋಡಿ ಹೇಳಿ.